ತಾರೀಖು ಮೊದಲೋ, ಹಿಮ್ಮಡಿ ಮೊದಲೋ

ಕಾಡುದಾರಿಯ ಓಟ ಹಚ್ಚಿಕೊಂಡವರಲ್ಲಿ ಒಂದು ರೂಢಿ ಬೆಳೆದಿದೆ. ಕಾಲಿಗೆ ಪೆಟ್ಟಾಗಿ ಮನೆಯಲ್ಲಿ ಕೂತಾಗಲೇ ಮುಂದಿನ ವರ್ಷದ ರೇಸುಗಳ ಪಟ್ಟಿ ತಯಾರಾಗುತ್ತದೆ. ಬೆಂಗಳೂರು ಅಲ್ಟ್ರಾ ಎಂಬ ಓಟ 2007ರಲ್ಲಿ ಶುರುವಾದಾಗ ಆರಿಸಿಕೊಳ್ಳಲು ಹೆಚ್ಚೇನೂ ಇರಲಿಲ್ಲ. 2016ರಲ್ಲಿ ಮಲ್ನಾಡ್ ಅಲ್ಟ್ರಾ ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳಿಗೆ ಬಂತು, ಮಲೆನಾಡಿನ ಹುಡುಗ ಹುಡುಗಿಯರಿಗೂ ಇದು ನಮ್ಮ ಆಟ ಅನ್ನಿಸಿತು. ಈಗ ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಬೆಳಗ್ಗೆ ಶೂ ಕಟ್ಟಿಕೊಂಡು ಹೊರಡುವವರ ಫೋನಿನಲ್ಲೂ ಅಂಥ ಪಟ್ಟಿ ಇರುತ್ತದೆ. ಅದನ್ನು ಕಟ್ಟುವ ಕ್ರಮ ಎಲ್ಲರದೂ ಒಂದೇ: ರೇಸಿನ ತಾರೀಖು ಹಿಡಿದು ಹಿಂದಕ್ಕೆ 16 ವಾರ ಎಣಿಸುವುದು, ವಾರ ವಾರಕ್ಕೆ ಕಿಲೋಮೀಟರು ತುಂಬುವುದು, ಗಾಯ ಮಾಯಲು ಉಳಿದ ಸಂದಿಯನ್ನು ಬಿಡುವುದು. ಈ ಕ್ರಮದ ಬಗ್ಗೆಯೇ ನನ್ನ ತಕರಾರು.

ಆದರೆ ಪಟ್ಟಿಯಿಂದ ಆಗುವ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು. ಓಟಗಾರರನ್ನು ಬಹಳವಾಗಿ ಕಾಡುವುದು ಹಿಮ್ಮಡಿಯ ಮೇಲಿನ ದಪ್ಪ ನರ, ಅಂದರೆ ಅಕಿಲಿಸ್ ಸ್ನಾಯುರಜ್ಜು. ಅದಕ್ಕೆ ಸ್ವೀಡನ್ನಿನ ವೈದ್ಯ ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ವ್ಯಾಯಾಮ ಇಂದಿಗೂ ಬಳಕೆಯಲ್ಲಿದೆ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಲ್ಲಬೇಕು. ಗಟ್ಟಿ ಕಾಲಿನ ಬಲದಲ್ಲಿ ಮೇಲೆದ್ದು, ಭಾರವನ್ನೆಲ್ಲ ನೋವಿನ ಕಾಲಿಗೆ ಹಾಕಿ, ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ನಿಧಾನವಾಗಿ ಇಳಿಸಬೇಕು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಂಡಿ ಮಡಿಸಿ ಮತ್ತೆ ಅಷ್ಟೇ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ದಿನಕ್ಕೆ 180 ಇಳಿತ, 12 ವಾರ, ಒಂದು ದಿನವೂ ಬಿಡುವಿಲ್ಲ. ನಮ್ಮ ಕಡೆಯ ಮನೆಗಳ ಜಗಲಿ ಮೆಟ್ಟಿಲು ಇದಕ್ಕೆ ಹೇಳಿ ಮಾಡಿಸಿದ್ದು. ಹಿಡಿದುಕೊಳ್ಳಲು ಕಂಬವೂ ಸಿಗುತ್ತದೆ. ಸೂರಿನ ನೀರು ಧಾರೆಗಟ್ಟಿ ಸುರಿಯುವಾಗ ಅಲ್ಲಿ ನಿಂತು ಹಿಮ್ಮಡಿ ಇಳಿಸುವುದರಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ. ಎದುರಿಗೊಂದು ತಾರೀಖು ಇರದಿದ್ದರೆ ಐದನೇ ವಾರಕ್ಕೆ ಯಾರೂ ಮಾಡುವುದಿಲ್ಲ. ರೇಸಿನ ಆಸೆ ಚಿಕಿತ್ಸೆಯನ್ನು ಮುಂದುವರಿಸುತ್ತದೆ, ಇದು ಸಣ್ಣ ಮಾತಲ್ಲ.

ದೋಷ ಶುರುವಾಗುವುದು ಕಿಲೋಮೀಟರು ತುಂಬುವಲ್ಲಿ. ವಾರಕ್ಕೆ ಹತ್ತು ಪ್ರತಿಶತಕ್ಕಿಂತ ಹೆಚ್ಚು ಏರಿಸಬೇಡಿ, ಗಾಯವಾಗುವುದಿಲ್ಲ ಎಂಬ ಮಾತನ್ನು ಎಲ್ಲರೂ ವೇದವಾಕ್ಯದಂತೆ ಹೇಳುತ್ತಾರೆ. ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ಇದನ್ನೇ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಹತ್ತು ಪ್ರತಿಶತದ ಲೆಕ್ಕದಲ್ಲಿ 13 ವಾರ ಓಡಿದವರಲ್ಲೂ, ಸಾಮಾನ್ಯ ಕ್ರಮದಲ್ಲಿ 8 ವಾರ ಓಡಿದವರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ಗಾಯವಾಯಿತು. ಅದು ಸಪಾಟು ರಸ್ತೆಯ ಓಟದ ಮಾತು. ಗುಡ್ಡದಲ್ಲಂತೂ ಕಿಲೋಮೀಟರಿನ ಲೆಕ್ಕಕ್ಕೆ ಇನ್ನೂ ಕಡಿಮೆ ಅರ್ಥ. ಸಾಗರದಿಂದ ಇಕ್ಕೇರಿ ಕಡೆಯ ಡಾಂಬರಿನಲ್ಲಿ ಹತ್ತು ಕಿಲೋಮೀಟರು ಓಡುವುದೂ ಕಟ್ಟಿನಹೊಳೆಯಿಂದ ಹಿಡ್ಲುಮನೆ ಜಲಪಾತದ ಮೇಲೆ ಹಾದು 1,343 ಮೀಟರಿನ ಕೊಡಚಾದ್ರಿ ಹತ್ತುವುದೂ ಆ ಪಟ್ಟಿಯಲ್ಲಿ ಒಂದೇ ಕಾಲಮ್ಮಿಗೆ ಬರುತ್ತವೆ.

ಇದಕ್ಕಿಂತ ದೊಡ್ಡ ಲೋಪವೆಂದರೆ ಏರು ಯಾವುದು, ಇಳುಕಲು ಯಾವುದು ಎಂದು ಪಟ್ಟಿ ಕೇಳುವುದೇ ಇಲ್ಲ. ಏರು ಹತ್ತುವಾಗ ಪಾದ ಮೇಲಕ್ಕೆ ಬಾಗಿ ಹಿಮ್ಮಡಿಯ ನರ ಎಳೆದುಕೊಳ್ಳುತ್ತದೆ, ಮೀನಖಂಡ ದುಡಿಯುತ್ತದೆ. ಇಳಿಯುವಾಗ ತೊಡೆ ಬ್ರೇಕು ಹಾಕಬೇಕು, ಭಾರ ಮಂಡಿಚಿಪ್ಪಿಗೆ ಬೀಳುತ್ತದೆ. ಹಾಗಾಗಿ ಹಿಮ್ಮಡಿ ನೋವಿನವನಿಗೂ ಮಂಡಿ ನೋವಿನವನಿಗೂ ಒಂದೇ ಗುಡ್ಡ ಹೇಳುವುದು ತಪ್ಪು. ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿಯಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಬಸದಿಯಿರುವ ನೆತ್ತಿಯವರೆಗೂ ರಸ್ತೆ ಇದೆ. ಮಂಡಿ ನೋವಿನವರು ನಡೆದು ಹತ್ತಿ, ಕೆಳಗಿಳಿಯಲು ಗೆಳೆಯನ ಬೈಕು ಹಿಡಿಯಲಿ. ಹಿಮ್ಮಡಿಯವರು ಬೈಕಿನಲ್ಲಿ ಹೋಗಿ ನಡೆದು ಇಳಿಯಲಿ. ಯಾವ ಆ್ಯಪಿನ ತರಬೇತಿ ಪಟ್ಟಿಯಲ್ಲೂ ನಾನು ಇಂಥ ಸಲಹೆ ನೋಡಿಲ್ಲ. ಕುಂದಾದ್ರಿ ಆದ ಮೇಲೆ ಕವಲೇದುರ್ಗದ ಕೋಟೆಯ ಕಲ್ಲುಹಾಸು, ಕಡೆಗೆ ಕೊಡಚಾದ್ರಿ. ನಮ್ಮ ಮೂರು ತಾಲ್ಲೂಕಿನ ನೆಲವೇ ಚೇತರಿಕೆಗೆ ಇಷ್ಟು ಒಳ್ಳೆಯ ಕ್ರಮವನ್ನು ಇಟ್ಟುಕೊಂಡಿರುವಾಗ ಹೊರಗಿನ ಪಟ್ಟಿಗೆ ಜೋತುಬೀಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನು ಮಳೆಯ ವಿಚಾರ. ಮಲ್ನಾಡ್ ಅಲ್ಟ್ರಾ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ನಡೆಯುತ್ತದೆ. ತಿಂಗಳ ನಡುವಿನಿಂದ 16 ವಾರ ಹಿಂದಕ್ಕೆ ಎಣಿಸಿದರೆ ಜೂನ್ ಕೊನೆಯ ವಾರ. ಬೆಂಗಳೂರಿನವರಿಗೆ ಅದು ತಂಪು ಹವೆ, ಓಟಕ್ಕೆ ಒಳ್ಳೆಯ ಕಾಲ. ನಮಗೆ ಆರಿದ್ರಾ ಮಳೆ ಹಿಡಿಯುವ ಹೊತ್ತು. ವರ್ಷಕ್ಕೆ 7,000 ಮಿಲಿಮೀಟರು ಮೀರಿ ಸುರಿಯುವ ಆಗುಂಬೆಯಲ್ಲಿ, ಹೊಸನಗರದ ಹುಲಿಕಲ್ಲು, ನಗರದ ಕಡೆ, ಪುನರ್ವಸು ಪುಷ್ಯ ಮುಗಿಯುವವರೆಗೆ ಜಂಬಿಟ್ಟಿಗೆ ಕಲ್ಲಿನ ಮೇಲೆ ಹಾವಸೆ ಕಟ್ಟಿರುತ್ತದೆ. ಕಾಲುಹಾದಿ ಹಳ್ಳವಾಗಿರುತ್ತದೆ, ಇಂಬಳ ಕೀಳಲು ನಿಂತರೆ ಇನ್ನೆರಡು ಹತ್ತುತ್ತವೆ. ಗಟ್ಟಿ ಕಾಲೇ ಜಾರುವ ದಾರಿ ಅದು. ಚೇತರಿಸಿಕೊಳ್ಳುತ್ತಿರುವ ಕಾಲು ಒಮ್ಮೆ ಉಳುಕಿದರೆ ಆ ವರ್ಷ ಅಲ್ಲಿಗೆ ಮುಗಿಯಿತು.

ಹಾಗಂತ ಮಳೆಗಾಲ ದಂಡವಲ್ಲ. 12 ವಾರದ ಜಗಲಿ ಮೆಟ್ಟಿಲಿನ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಕಾಲವೇ ಇಲ್ಲ. ಜೂನ್ ನಡುವಿನಲ್ಲಿ ಶುರುಮಾಡಿದರೆ ಸೆಪ್ಟೆಂಬರಿನ ಹೊತ್ತಿಗೆ ಮುಗಿಯುತ್ತದೆ. ಮಘೆಯ ನಂತರ ಹೊಳವು ಸಿಕ್ಕಾಗ ಡಾಂಬರಿನ ಮೇಲೆ, ಉತ್ತರೆಯಲ್ಲಿ ಕುಂದಾದ್ರಿ, ಹಸ್ತಾ ಮಳೆಯಲ್ಲಿ ಕವಲೇದುರ್ಗ ಎಂದು ಪಂಚಾಂಗ ನೋಡಿಯೇ ವೇಳಾಪಟ್ಟಿ ಬರೆಯಬಹುದು. ಗದ್ದೆ ತೋಟ ಮಾಡುವವರು ವರ್ಷವನ್ನು ನೋಡುವುದೇ ಹಾಗೆ. ಓಟಗಾರರೂ ಅದನ್ನು ಕಲಿತರೆ ಲಾಭವಿದೆ.

ದೀಪಾವಳಿ ಕಳೆದ ಮೇಲೆ ಹಾದಿ ಒಣಗುತ್ತದೆ, ಆಗ ಬೇಕಾದಷ್ಟು ಓಡೋಣ ಎನ್ನುವವರಿದ್ದಾರೆ. ಡಿಸೆಂಬರ್ ಬರುವ ತನಕ ಸರಿ. ಆಮೇಲೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಈ ರೋಗ ಉಣುಗಿನಿಂದ ಹರಡುತ್ತದೆ, ಬೇಸಿಗೆ ಮುಗಿಯುವವರೆಗೂ ಕಾಡುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಜೀವ ತೆಗೆದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ದರಗು ಗುಡಿಸಲು ಸೊಪ್ಪಿನಬೆಟ್ಟಕ್ಕೆ ಹೋಗಲೇಬೇಕಾದವರು ಮೈಕೈಗೆ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಓಟಗಾರನಿಗೆ ಅಂಥ ಅನಿವಾರ್ಯವಿಲ್ಲ. ಮಂಗ ಸತ್ತ ಸುದ್ದಿ ಬಂದ ಕಾಡಿನ ಕಡೆ ಆ ತಿಂಗಳುಗಳಲ್ಲಿ ಕಾಲಿಡಬಾರದು. ಓಡಿ ಬಂದ ಮೇಲೆ ಜ್ವರ ಬಂದರೆ ಸುಸ್ತಿನ ಜ್ವರವೆಂದು ಮಲಗದೆ, ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲ ಮಾತಿಗೇ ಹೇಳಬೇಕು. ಡಿಸೆಂಬರಿನಿಂದ ಮೇ ತನಕ ನಮ್ಮ ಕಾಡಿನಲ್ಲೇ ತಯಾರಿ ಎಂದು ಬರೆದ ಪಟ್ಟಿಯನ್ನು ನಾನು ಒಳ್ಳೆಯ ಪಟ್ಟಿ ಎನ್ನಲಾರೆ, ಬರೆದವರು ಎಷ್ಟೇ ದೊಡ್ಡ ಓಟಗಾರರಾಗಿರಲಿ.

ಆಯೋಜಕರ ಪಾಲೂ ಇದರಲ್ಲಿದೆ. ಬೇಗ ದುಡ್ಡು ಕಟ್ಟಿದವರಿಗೆ ರಿಯಾಯಿತಿ, ಕಟ್ಟಿದ್ದು ವಾಪಸಿಲ್ಲ ಎಂಬ ಪದ್ಧತಿ ಎಷ್ಟೋ ಕಡೆ ಇದೆ. ಸಾವಿರಗಟ್ಟಲೆ ಕಟ್ಟಿಬಿಟ್ಟಿದ್ದೇನೆ, ಹೋಗದಿದ್ದರೆ ನಷ್ಟ ಎಂದು ಕುಂಟುತ್ತಲೇ ರೇಸಿಗೆ ನಿಲ್ಲುವವರನ್ನು ಆ ಪದ್ಧತಿಯೇ ತಯಾರು ಮಾಡುತ್ತದೆ. ವೈದ್ಯರ ಚೀಟಿ ತೋರಿಸಿದರೆ ಹೆಸರನ್ನು ಮುಂದಿನ ವರ್ಷಕ್ಕೆ ದಾಟಿಸುವ, ಕೊನೆಯ ವಾರದಲ್ಲೂ ಕಿರಿಯ ದೂರಕ್ಕೆ ಇಳಿಯಲು ಬಿಡುವ ರೇಸನ್ನೇ ಗಾಯಾಳುಗಳು ಆರಿಸಿಕೊಳ್ಳಬೇಕು. ಹಾದಿಯ ಸೊಗಸು ಅದಾದ ಮೇಲೆ.

ಹಾಗಾದರೆ ನೋವು ಪೂರ್ತಿ ಹೋಗುವ ತನಕ ಸುಮ್ಮನಿರಬೇಕೆ? ಬೇಕಿಲ್ಲ. ಹಿಮ್ಮಡಿ ನೋವಿನ ಬಗ್ಗೆ ಸ್ವೀಡನ್ನಿನಲ್ಲಿ ಸಿಲ್ಬರ್‌ನಾಗೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮದ ಜೊತೆಗೆ ಓಟವನ್ನೂ ಮುಂದುವರಿಸಿದವರು, ಮೊದಲ ಆರು ವಾರ ಓಟ ಬಿಟ್ಟವರಷ್ಟೇ ಚೇತರಿಸಿಕೊಂಡರು. ಷರತ್ತು ಇಷ್ಟೇ: ಹತ್ತರಲ್ಲಿ ಐದನ್ನು ನೋವು ದಾಟಬಾರದು, ಮರುದಿನ ಬೆಳಗ್ಗೆಯ ಹೊತ್ತಿಗೆ ಇಳಿದಿರಬೇಕು, ವಾರದಿಂದ ವಾರಕ್ಕೆ ಏರುತ್ತಾ ಹೋಗಬಾರದು. ವರ್ಷದ ಪಟ್ಟಿಯಲ್ಲಿ ನಾನು ಕಾಣಬಯಸುವ ಕಾಲಮ್ಮು ಇದು. ಎಷ್ಟು ಓಡಿದೆ ಎಂಬುದರ ಪಕ್ಕದಲ್ಲೇ, ಮರುದಿನ ಹಾಸಿಗೆಯಿಂದೆದ್ದು ಬಚ್ಚಲಿಗೆ ನಡೆಯುವಾಗ ಹಿಮ್ಮಡಿ ಎಷ್ಟು ಬಿಗಿಯಿತ್ತು ಎಂದು ಬರೆಯಬೇಕು.

ಗಾಯದ ವರ್ಷಕ್ಕೆ ದೊಡ್ಡ ರೇಸು ಒಂದೇ ಸಾಕು. ಉಳಿದ ರೇಸುಗಳಿಗೆ ಓಟಗಾರರಿಗೆ ನೀರು ಕೊಡುವ ಸ್ವಯಂಸೇವಕರಾಗಿ ಹೋಗಿ ಬರಬಹುದು. ಆ ಒಂದು ರೇಸಿನಲ್ಲೂ 100 ಕಿಲೋಮೀಟರಿನ ಆಸೆ ಬಿಟ್ಟು 50ಕ್ಕೆ ಹೆಸರು ಕೊಡುವುದು ವಿವೇಕ. ಅಕ್ಟೋಬರಿನ ಮೊದಲ ವಾರ ಮಳೆ ಬಿಟ್ಟ ದಿನ ನೋಡಿಕೊಂಡು, ಅರಣ್ಯ ಇಲಾಖೆಯ ಅನುಮತಿ ಪಡೆದು ಕೊಡಚಾದ್ರಿ ಹತ್ತಿ ಇಳಿಯಿರಿ. ಮರುದಿನ ಬೆಳಗ್ಗೆಯೂ ಅದರ ಮರುದಿನವೂ ಹಿಮ್ಮಡಿ ಸಡಿಲಾಗಿದ್ದರೆ ರೇಸಿಗೆ ಹೊರಡಿ. ಬಿಗಿ ಉಳಿದಿದ್ದರೆ ಆಯೋಜಕರಿಗೆ ಅವತ್ತೇ ಬರೆದು ಚಿಕ್ಕ ದೂರಕ್ಕೆ ಇಳಿಯಿರಿ ಅಥವಾ ಹೆಸರನ್ನು ಮುಂದಿನ ವರ್ಷಕ್ಕೆ ಹಾಕಿಸಿಕೊಳ್ಳಿ. ಮರುದಿನದಿಂದ ಜಗಲಿ ಮೆಟ್ಟಿಲಿನ ಕೆಲಸ ಮತ್ತೆ ಶುರು.