ಬಯಲಿಗೆ ಗಡಿಯಾರ ಕಟ್ಟಬಹುದೆ?

ಸಾಹಿತ್ಯ ಸಮಾವೇಶದ ಸ್ಮರಣ ಸಂಚಿಕೆಯಲ್ಲಿ ವಿಡಿಯೊ ಆಟಗಳ ವಿಮರ್ಶೆಗೆ ಏನು ಕೆಲಸವೆಂದು ಹಿರಿಯರು ಕೇಳಬಹುದು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ನಮ್ಮ ಮನೆಗಳಲ್ಲಿ ಮಕ್ಕಳು ಇಂದು ಕಥೆಯನ್ನು ಎದುರುಗೊಳ್ಳುವ ತಾಣಗಳಲ್ಲಿ ಈ ಆಟಗಳೂ ಸೇರಿವೆ. ಮಕ್ಕಳು ಓದುವ ಪುಸ್ತಕವನ್ನು ನಾವು ವಿಮರ್ಶಿಸುತ್ತೇವೆ; ನೋಡುವ ಚಲನಚಿತ್ರವನ್ನೂ ವಿಮರ್ಶಿಸುತ್ತೇವೆ. ಆಟವೊಂದನ್ನೇ ‘ಕಾಲಹರಣ’ವೆಂದು ಹೊರಗಿಡುವುದು ನ್ಯಾಯವಲ್ಲ. ಈ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಒಂದು ಚಿಕ್ಕ ಪ್ರಶ್ನೆ: ಮುಕ್ತಲೋಕದ ಆಟವನ್ನು ಕೊಳ್ಳುವ ಮುನ್ನ ಪರೀಕ್ಷಿಸಲೆಂದು ಉಚಿತವಾಗಿ ಕೊಡುವ ಡೆಮೊಗೆ ಕಾಲಮಿತಿ ಹಾಕುವುದು ಸರಿಯೆ?

ಓಪನ್ ವರ್ಲ್ಡ್ ಎಂದು ಕರೆಯಲಾಗುವ ಮುಕ್ತಲೋಕದ ಆಟದಲ್ಲಿ ಒಂದು ಇಡೀ ನಾಡನ್ನೇ ಆಟಗಾರನ ಮುಂದೆ ಹರಡಿರುತ್ತಾರೆ. ಬೆಟ್ಟ, ಊರು, ಹಾದಿ, ಹೊಳೆ ಎಲ್ಲವೂ ಅಲ್ಲಿರುತ್ತವೆ. ಎತ್ತ ಹೋಗಬೇಕು, ಯಾವ ಕೆಲಸವನ್ನು ಮೊದಲು ಮಾಡಬೇಕು ಎಂಬುದು ಆಡುವವನ ಇಚ್ಛೆ. ದಾರಿ ತಪ್ಪುವುದೂ ಸುಮ್ಮನೆ ನಿಂತು ನೋಡುವುದೂ ಇಲ್ಲಿ ಆಟದ ಭಾಗವೇ.

ಮಾದರಿ ಕೊಡುವ ಪದ್ಧತಿ ಹೊಸದಲ್ಲ. 1993ರಲ್ಲಿ ಬಂದ ‘ಡೂಮ್’ ಆಟದ ಮೂರು ಭಾಗಗಳಲ್ಲಿ ಮೊದಲನೆಯದನ್ನು ಯಾರು ಬೇಕಾದರೂ ಪ್ರತಿ ಮಾಡಿಕೊಂಡು ಹಂಚಬಹುದಿತ್ತು. ಮಿಕ್ಕ ಎರಡಕ್ಕೆ ಹಣ ತೆರಬೇಕಿತ್ತು. ಅಲ್ಲಿ ಮಿತಿಯಿದ್ದುದು ಭಾಗಕ್ಕೆ, ಹೊತ್ತಿಗಲ್ಲ. 2010ರ ‘ಜಸ್ಟ್ ಕಾಸ್ 2’ ಡೆಮೊದಲ್ಲಿ ಪನಾವ್ ಎಂಬ ಕಲ್ಪಿತ ದ್ವೀಪರಾಷ್ಟ್ರದ ಮರುಭೂಮಿ ಪ್ರದೇಶವೊಂದನ್ನು ಬಿಟ್ಟುಕೊಟ್ಟು, ಅದರ ಮೇಲೆ ಮೂವತ್ತು ನಿಮಿಷಗಳ ಗಡಿಯಾರವನ್ನೂ ಇಟ್ಟರು. ‘ಸೈಬರ್‌ಪಂಕ್ 2077’ರ ತಯಾರಕರು 2022ರ ಫೆಬ್ರವರಿ 15ರಿಂದ ಮಾರ್ಚ್ 15ರವರೆಗೆ ಹೊಸ ಪೀಳಿಗೆಯ ಯಂತ್ರಗಳಲ್ಲಿ ಐದು ಗಂಟೆಗಳ ಉಚಿತ ಆಟಕ್ಕೆ ಅವಕಾಶ ಕೊಟ್ಟರು. ಇನ್ನು ‘ಮೈನ್‌ಕ್ರಾಫ್ಟ್’ ಆಟದ ಡೆಮೊ ಐದು ದಿನಗಳದ್ದು. ಆದರೆ ಅವು ಆಟದೊಳಗಿನ ದಿನಗಳು. ಒಂದೊಂದಕ್ಕೆ ಇಪ್ಪತ್ತು ನಿಮಿಷದಂತೆ ಒಟ್ಟು ನೂರು ನಿಮಿಷ.

ಕಾಲಮಿತಿಯ ಪರವಾಗಿ ಹೇಳಬಹುದಾದುದನ್ನು ಮೊದಲು ಹೇಳಿಬಿಡೋಣ. ಇಂಥ ಆಟವನ್ನು ಕಟ್ಟಲು ನೂರಾರು ಜನ ವರ್ಷಗಟ್ಟಲೆ ದುಡಿಯುತ್ತಾರೆ. ಬೇಲಿಯಿಲ್ಲದಂತೆ ಕಟ್ಟಿದ ಲೋಕದಿಂದ ಒಂದು ತುಂಡನ್ನು ಕತ್ತರಿಸಿ, ಅದು ತಾನೇ ನಿಲ್ಲುವಂತೆ ಮಾಡುವುದು ಮತ್ತೊಂದು ಆಟವನ್ನು ಕಟ್ಟಿದಷ್ಟು ಶ್ರಮ ಬೇಡಬಹುದು. ಗಡಿಯಾರ ಇಡುವುದು ಸುಲಭ. ಜೊತೆಗೆ, ಉಚಿತವಾಗಿಯೇ ತೃಪ್ತಿಯಾಗುವಷ್ಟು ಆಡಿದವನು ಹಣ ಕೊಟ್ಟಾನೆಯೆ ಎಂಬ ಅಂಜಿಕೆಯೂ ಸುಳ್ಳಲ್ಲ.

ಇದಕ್ಕಿಂತ ಬಲವಾದ ವಾದವೊಂದು ನಮ್ಮ ಬಾಲ್ಯದಲ್ಲಿಯೇ ಇದೆ. ತಾಸಿಗಿಷ್ಟು ಎಂದು ಬಾಡಿಗೆ ಸೈಕಲ್ ತಂದು ಊರು ಸುತ್ತಿದವರು ನಮ್ಮಲ್ಲಿ ಅನೇಕರು. ಅರ್ಧ ತಾಸಿನ ಆ ಸವಾರಿಯಲ್ಲಿ ಇದ್ದ ಸುಖ, ಮುಂದೆ ಸ್ವಂತ ಸೈಕಲ್ ಕೊಂಡಾಗ ಇತ್ತೆ? ಹೊತ್ತು ಕಡಿಮೆಯಾದಷ್ಟೂ ರುಚಿ ಹೆಚ್ಚು ಎಂದು ಮಿತಿಯ ಪಕ್ಷದವರು ವಾದಿಸಿದರೆ ನಾವು ಸುಲಭವಾಗಿ ತಳ್ಳಿಹಾಕಲಾರೆವು. ಆದರೆ ಸೈಕಲ್ ಅಂಗಡಿಗೆ ನಾವು ಹೋದುದು ಸೈಕಲ್ಲನ್ನು ಪರೀಕ್ಷಿಸಿ ಕೊಳ್ಳುವುದಕ್ಕಲ್ಲ. ಸವಾರಿಯೇ ನಮ್ಮ ಗುರಿ. ತೆತ್ತ ಪೈಸೆಗೆ ಅದು ಸಿಕ್ಕಿತು. ಡೆಮೊದ ಗುರಿ ಬೇರೆ. ಈ ವಸ್ತು ತನಗೆ ತಕ್ಕುದೆ ಎಂದು ಕೊಳ್ಳುವವನು ತಿಳಿಯಬೇಕು. ಪರೀಕ್ಷೆಗೆ ಇಟ್ಟ ಕ್ರಮವೇ ವಸ್ತುವಿನ ಗುಣವನ್ನು ಬದಲಿಸಿದರೆ ಆ ಪರೀಕ್ಷೆಯಿಂದ ಏನು ತಿಳಿದೀತು?

ಮೂಲೆಯಲ್ಲಿ ನಿಮಿಷಗಳು ಇಳಿಯುತ್ತಿರುವುದನ್ನು ಕಂಡವನು ಹಳ್ಳದ ದಂಡೆಯಲ್ಲಿ ನಿಲ್ಲುವುದಿಲ್ಲ, ದಾರಿಹೋಕನ ಮಾತಿಗೆ ಕಿವಿಗೊಡುವುದಿಲ್ಲ. ಸದ್ದುಗದ್ದಲವಿರುವ ಕಡೆಗೆ ಓಡುತ್ತಾನೆ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಬೆಳತನಕ ಕುಳಿತು ನೋಡಿದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಆಟವನ್ನು ಸಭಾಂಗಣದ ಅರ್ಧ ಗಂಟೆಗೆ ಇಳಿಸಿದಾಗ ಕಥೆ ಉಳಿಯುತ್ತದೆ, ಹಾಡುಗಳೂ ಕೆಲವು ಉಳಿಯುತ್ತವೆ. ಭಾಗವತನ ಹಾಸ್ಯ, ಗೊಲ್ಲತಿಯ ಸರಸದ ಮಾತು ಇವುಗಳಿಗೆ ಮೊದಲು ಕತ್ತರಿ ಬೀಳುತ್ತದೆ. ಪಾರಿಜಾತವನ್ನು ಪಾರಿಜಾತವಾಗಿಸಿದ್ದು ಆ ಬಿಡುವೇ. ‘ಸೈಬರ್‌ಪಂಕ್’ನ ಕಥೆಯ ಪೀಠಿಕೆಯೇ ಹಲವು ಗಂಟೆಗಳದ್ದು. ನಿಧಾನವಾಗಿ ಆಡುವವನ ಐದು ಗಂಟೆಗಳು ಅಲ್ಲಿಯೇ ಮುಗಿದಾವು. ನಗರದಲ್ಲಿ ಮನಬಂದಂತೆ ಅಲೆಯುವ ಭಾಗ್ಯ ಹಣ ಕೊಟ್ಟವನಿಗೆ ಮಾತ್ರ.

ಗಡಿನಾಡಿನವರಾದ ನಮಗೆ ಇದರಲ್ಲಿ ಇನ್ನೊಂದು ನೋವಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿಯೂ ಹಲವರಿಗೆ ಶಾಲೆಯಲ್ಲಿಯೂ ಮರಾಠಿ. ಆಟದ ತೆರೆಯ ಮೇಲಿನ ಇಂಗ್ಲಿಷು ನಮ್ಮ ಮಗುವಿಗೆ ಮೂರನೆಯ ಭಾಷೆ. ಇಂಗ್ಲಿಷಿನಲ್ಲಿಯೇ ಬೆಳೆದ ಮಗು ಒಂದು ನೋಟದಲ್ಲಿ ಓದಿ ಮುಗಿಸುವ ಸೂಚನೆಯನ್ನು ನಮ್ಮ ಮಗು ತಡವರಿಸಿ ಓದುತ್ತದೆ, ಅಕ್ಕನನ್ನು ಕೇಳುತ್ತದೆ, ಮತ್ತೆ ಓದುತ್ತದೆ. ಅಷ್ಟರಲ್ಲಿ ಗಡಿಯಾರ ಓಡಿರುತ್ತದೆ. ಇಬ್ಬರಿಗೂ ಎರಡೇ ಗಂಟೆ ಎಂಬುದು ಮೇಲ್ನೋಟಕ್ಕೆ ಸಮಾನತೆ. ನಿಜದಲ್ಲಿ ಒಬ್ಬನಿಗೆ ಸಿಕ್ಕ ಲೋಕ ದೊಡ್ಡದು, ಇನ್ನೊಬ್ಬನಿಗೆ ಸಿಕ್ಕುದು ಚಿಕ್ಕದು. ಮೊಮ್ಮಗನ ಪಕ್ಕದಲ್ಲಿ ಕುಳಿತು ಗುಂಡಿ ಒತ್ತಲು ಕಲಿಯುವ ಅಜ್ಜನ ಗತಿಯೂ ಇದೇ.

ಹಣದ ಲೆಕ್ಕವನ್ನೂ ನೋಡೋಣ. ಪ್ಲೇಸ್ಟೇಷನ್ 5ರ ದೊಡ್ಡ ಆಟಗಳು ನಮ್ಮ ದೇಶದಲ್ಲಿ 4,999 ರೂಪಾಯಿಯವರೆಗೆ ಬೆಲೆ ಹೊತ್ತು ಬಂದಿವೆ. ಮಗ್ಗದ ಕೂಲಿಯಿಂದಲೋ ಕಬ್ಬಿನ ಬಿಲ್ಲಿನಿಂದಲೋ ಸಂಸಾರ ನಡೆಸುವ ಮನೆಗೆ ಇದು ಸಣ್ಣ ಮೊತ್ತವಲ್ಲ. ‘ಉಚಿತ’ವೆಂಬ ಮಾತೂ ಪೂರ್ಣ ನಿಜವಲ್ಲ. ಕಾಲಮಿತಿಯ ಡೆಮೊಗಾಗಿ ಅನೇಕ ವೇಳೆ ಪೂರ್ತಿ ಆಟವನ್ನೇ ಇಳಿಸಿಕೊಳ್ಳಬೇಕು. ಅರವತ್ತು ಜಿಬಿಯ ಆಟವೆಂದುಕೊಂಡರೆ, ದಿನಕ್ಕೆ ಎರಡು ಜಿಬಿಯ ಮೊಬೈಲ್ ಪ್ಯಾಕ್ ಇರುವ ಮನೆಯಲ್ಲಿ ಅದು ಇಳಿಯಲು ಮೂವತ್ತು ದಿನ ಬೇಕು. ಅಷ್ಟರಲ್ಲಿ ಒಂದು ತಿಂಗಳ ಅವಧಿಯ ಕೊಡುಗೆಯೇ ಮುಗಿದುಹೋಗಿರುತ್ತದೆ.

ಸ್ಟೀಮ್ ಎಂಬ ಆಟಗಳ ಮಾರಾಟ ತಾಣದಲ್ಲಿ, ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಮರಳಿ ಕೇಳುವ ಅನುಕೂಲ 2015ರಿಂದ ಇದೆ. ಅದು ಒಳ್ಳೆಯ ನಿಯಮವೆಂದೇ ನಮ್ಮ ಅಭಿಪ್ರಾಯ. ಆದರೂ ನಾಲ್ಕು ಗಂಟೆಯ ಆಟಕ್ಕೂ ನೂರು ಗಂಟೆಯ ಆಟಕ್ಕೂ ಅಳತೆಗೋಲು ಒಂದೇ.

ಹಾಗಾದರೆ ಅಳತೆ ಯಾವುದಿರಬೇಕು? ಇಚಲಕರಂಜಿಯ ಬಟ್ಟೆ ವ್ಯಾಪಾರ ಬಲ್ಲವರಿಗೆ ಉತ್ತರ ಗೊತ್ತು. ಥಾನು ಕೊಳ್ಳಬಂದವನ ಕೈಗೆ ಒಂದು ಚಿಕ್ಕ ಮಾದರಿ ತುಂಡು ಕೊಡುತ್ತಾರೆ. ಅವನು ಅದನ್ನು ಹಿಂಡಿ ನೋಡಬಹುದು, ಒಗೆದು ಬಣ್ಣ ಬಿಡುವುದೇ ಎಂದು ಪರೀಕ್ಷಿಸಬಹುದು. ಇಡೀ ಥಾನನ್ನು ಎದುರಿಗೆ ಹರಡಿ ‘ಐದು ನಿಮಿಷ ಮುಟ್ಟಿ ನೋಡು’ ಎನ್ನುವುದಕ್ಕಿಂತ ಇದು ಪ್ರಾಮಾಣಿಕ ಕ್ರಮ. ಮುಕ್ತಲೋಕದ ಆಟಕ್ಕೂ ಇದೇ ಸಲ್ಲಬೇಕು. ಒಂದು ಕಣಿವೆ, ಎರಡು ಹಳ್ಳಿ, ನಾಲ್ಕಾರು ಕೆಲಸಗಳಿರುವ ತುಣುಕನ್ನು ಕೊಟ್ಟು ಅದರೊಳಗೆ ಬೇಕಾದಷ್ಟು ಹೊತ್ತು ಇರಲು ಬಿಡಲಿ. ಆಟದ ರುಚಿ ಹತ್ತಿದವನು ಬೇಲಿಯಾಚೆಯ ಬೆಟ್ಟವನ್ನು ಕಂಡು ತಾನಾಗಿಯೇ ಹಣ ಕೊಡುತ್ತಾನೆ.

ಕಾಲಮಿತಿ ಅನಿವಾರ್ಯವೇ ಆದರೆ ಮೂರು ಸೌಜನ್ಯಗಳನ್ನಾದರೂ ಪಾಲಿಸಲಿ: ಸೂಚನೆ ಓದುವ, ಪಾತ್ರ ರೂಪಿಸಿಕೊಳ್ಳುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬಾರದು, ಆಡಿದ್ದು ಕೊಂಡ ಮೇಲೆಯೂ ಉಳಿಯಬೇಕು, ‘ಸೈಬರ್‌ಪಂಕ್’ ಈ ಮಾತನ್ನು ನಡೆಸಿಕೊಟ್ಟಿತ್ತು, ಮಿತಿಯನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಈ ವಿಷಯದಲ್ಲಿ ‘ಮೈನ್‌ಕ್ರಾಫ್ಟ್’ನ ಕ್ರಮ ನಮಗೆ ಒಪ್ಪಿಗೆ. ಅಲ್ಲಿ ಅವಧಿಯನ್ನು ಆಟದ ಸೂರ್ಯನ ಉದಯಾಸ್ತಗಳಿಂದಲೇ ಎಣಿಸುತ್ತಾರೆ. ಐದು ದಿನ ಕಳೆದ ಮೇಲೆಯೂ ಲೋಕ ಕಣ್ಣಿಗೆ ಕಾಣುತ್ತದೆ, ಕಟ್ಟುವ ಕೆಡಹುವ ಅಧಿಕಾರ ಮಾತ್ರ ಹೋಗುತ್ತದೆ. ಅದರ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆ ಅನುವಾದ ಮಾಡಿದವರು ಸಂಬಳ ಪಡೆದ ನೌಕರರಲ್ಲ, ಭಾಷೆಯ ಮೇಲಿನ ಪ್ರೀತಿಯಿಂದ ಕೈಜೋಡಿಸಿದ ಸ್ವಯಂಸೇವಕರು. ಗಡಿಯಾರದ ವಿಷಯದಲ್ಲಿ ಕಂಪನಿಗಳ ಮನಸ್ಸು ಬದಲಾಗುವವರೆಗೆ ಕಾಯಬೇಕಾದೀತು. ಈ ಕೆಲಸಕ್ಕೆ ಕಾಯಬೇಕಾಗಿಲ್ಲ. ಸಂಘದ ತರುಣರು ಇಂಥ ಅನುವಾದಕ್ಕೆ ಕೈಹಾಕಿದರೆ, ಓದಿನಲ್ಲಿ ಕಳೆಯುವ ನಿಮಿಷಗಳನ್ನು ನಮ್ಮ ಮಕ್ಕಳಿಗೆ ಮರಳಿಸಿದಂತಾಗುತ್ತದೆ.