ಸೌಮ್ಯವಾದಿಯ ದಿನಚರಿ

1907ರ ಸೂರತ್ ಅಧಿವೇಶನದಲ್ಲಿ ಒಡೆದ ಕಾಂಗ್ರೆಸ್ಸಿನ ಎರಡು ಬಣಗಳನ್ನು ನಮ್ಮ ಶಾಲೆಯ ಚರಿತ್ರೆ ಪುಸ್ತಕಗಳು ಮಂದಗಾಮಿಗಳು, ತೀವ್ರಗಾಮಿಗಳು ಎಂದು ಕರೆಯುತ್ತವೆ. ಈ ಎರಡು ಪದಗಳಲ್ಲಿ ಒಂದು ಪ್ರಾಮಾಣಿಕತೆ ಇದೆ: ಅವು ನಡಿಗೆಯ ವೇಗವನ್ನಷ್ಟೇ ಹೇಳುತ್ತವೆ, ನಡತೆಯ ಗೊಡವೆಗೆ ಹೋಗುವುದಿಲ್ಲ. ಈಗಿನ ಪತ್ರಿಕೆಗಳಿಗೆ ಪ್ರಿಯವಾದ ‘ಸೌಮ್ಯವಾದಿ’ ಹಾಗಲ್ಲ. ಸೌಮ್ಯ ಎನ್ನುವುದು ಮೊದಲಿಗೆ ಸ್ವಭಾವದ ಮಾತು. ಹೆಣ್ಣು ಕೊಡುವ ಮನೆಯವರು ಹುಡುಗನ ಬಗ್ಗೆ ವಿಚಾರಿಸಿದಾಗ ಕಿವಿಗೆ ಬೀಳಬೇಕಾದ ಮಾತು. ಅದನ್ನು ರಾಜಕಾರಣಿಯೊಬ್ಬನ ನಿಲುವಿಗೆ ಅಂಟಿಸಿದ ಕೂಡಲೇ ನಿಲುವಿನ ಜೊತೆಗೆ ಗುಣವೂ ಪುಕ್ಕಟೆಯಾಗಿ ದಾಖಲಾಗುತ್ತದೆ. ಉಗ್ರ ಎಂಬ ಹಣೆಪಟ್ಟಿ ಹೊತ್ತವನಿಗೆ ಈ ಲಾಭವಿಲ್ಲ, ಅವನ ನಡತೆಯನ್ನು ಎಲ್ಲರೂ ಮೊದಲಿನಿಂದಲೇ ಅನುಮಾನದಿಂದ ನೋಡುತ್ತಾರೆ. ಪಕ್ಷದ ನಡುವಣ ಸಾಲಿನಲ್ಲಿ ಕೂತವನು ಮಾತ್ರ ವಿಚಾರಣೆಯಿಲ್ಲದೆ ಪಾಸಾಗುತ್ತಾನೆ.

ಅಮೆರಿಕದ ಆರೆಗಾನ್ ರಾಜ್ಯದ ಸೆನೆಟರ್ ಬಾಬ್ ಪ್ಯಾಕ್‌ವುಡ್ ಹೀಗೆ ಬಹಳ ಕಾಲ ಪಾಸಾದವರು. 1968ರಲ್ಲಿ ಗೆದ್ದ ಈ ರಿಪಬ್ಲಿಕನ್, ಗರ್ಭಪಾತದ ಹಕ್ಕಿಗೆ ಅಲ್ಲಿನ ಸುಪ್ರೀಂ ಕೋರ್ಟ್ 1973ರಲ್ಲಿ ಮುದ್ರೆ ಒತ್ತುವ ಮುಂಚೆಯೇ, 1970ರಲ್ಲಿ, ಅದನ್ನು ಕಾನೂನುಬದ್ಧಗೊಳಿಸುವ ಮಸೂದೆ ತಂದಿದ್ದರು. 1991ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಥಾನಕ್ಕೆ ಹೆಸರಿಸಲಾಗಿದ್ದ ಕ್ಲಾರೆನ್ಸ್ ಥಾಮಸ್ ಅವರ ಮೇಲೆ ಅನಿತಾ ಹಿಲ್ ಲೈಂಗಿಕ ಕಿರುಕುಳದ ಆರೋಪ ಹೊರಿಸಿದ ನಂತರ ನಡೆದ ಮತದಾನದಲ್ಲಿ, ಸ್ವಪಕ್ಷದ ಅಧ್ಯಕ್ಷರ ಆಯ್ಕೆಯ ವಿರುದ್ಧ ಕೈ ಎತ್ತಿದ ಇಬ್ಬರೇ ರಿಪಬ್ಲಿಕನ್ನರಲ್ಲಿ ಇವರೊಬ್ಬರು. ಮಹಿಳಾ ಸಂಘಟನೆಗಳು ಇವರನ್ನು ತಮ್ಮವರೆಂದೇ ಎಣಿಸಿದ್ದವು. 1992ರ ನವೆಂಬರಿನಲ್ಲಿ, ಅವರು ಮತ್ತೆ ಗೆದ್ದು ಮೂರು ವಾರವೂ ಕಳೆಯದಿರುವಾಗ, ‘ವಾಷಿಂಗ್ಟನ್ ಪೋಸ್ಟ್’ ಹತ್ತು ಮಹಿಳೆಯರು ಅವರ ಮೇಲೆ ಹೊರಿಸಿದ ಲೈಂಗಿಕ ಕಿರುಕುಳದ ದೂರುಗಳನ್ನು ಪ್ರಕಟಿಸಿತು. ಸೆನೆಟ್ಟಿನ ನೀತಿ ಸಮಿತಿ ತನಿಖೆ ಮುಗಿಸುವ ಹೊತ್ತಿಗೆ ಆ ಸಂಖ್ಯೆ ಹದಿನೇಳಾಗಿತ್ತು. ಘಟನೆಗಳು 1969ರಿಂದ 1990ರವರೆಗೆ ಹರಡಿದ್ದವು. ಅಂದರೆ ಮಸೂದೆ ಮಂಡಿಸಿದ ವರ್ಷವೂ ಆ ಪಟ್ಟಿಯ ಒಳಗೇ ಬರುತ್ತದೆ.

ಇದನ್ನು ಒಬ್ಬನ ಕಪಟ ಎಂದು ಬದಿಗಿಡುವುದು ಸುಲಭ. ನನ್ನ ತಕರಾರು ಅವರ ಬಗ್ಗೆ ಕಡಿಮೆ, ಅವರಿಗೆ ಬಿರುದು ಕೊಟ್ಟ ವ್ಯವಸ್ಥೆಯ ಬಗ್ಗೆ ಹೆಚ್ಚು. ನಡುವಣ ಸಾಲಿನವನ ಮತಕ್ಕೆ ಸದನದಲ್ಲಿ ಬೆಲೆ ಜಾಸ್ತಿ. ಸ್ವಪಕ್ಷಕ್ಕೆ ಅವನು ಕೈತಪ್ಪಿ ಹೋಗಬಾರದು, ಎದುರು ಪಕ್ಷಕ್ಕೆ ಅವನು ಬೇಕಾದಾಗ ಸಿಗಬೇಕು. ಹೀಗೆ ಎರಡೂ ಕಡೆಯವರಿಗೆ ಬೇಕಾದವನ ಮನೆಯ ಕಿಟಕಿಯಲ್ಲಿ ಇಣುಕಲು ಯಾರಿಗೂ ಮನಸ್ಸಿರುವುದಿಲ್ಲ. ಬದ್ಧವೈರಿಗಳಿದ್ದವನ ತಪ್ಪನ್ನು ವೈರಿಗಳಾದರೂ ಹುಡುಕಿ ತೆಗೆಯುತ್ತಾರೆ. ಅಜಾತಶತ್ರುವಿಗೆ ಆ ಕಾವಲೂ ಇಲ್ಲ. ಪ್ಯಾಕ್‌ವುಡ್ ಬಗ್ಗೆ ಪಿಸುಮಾತು ವರ್ಷಗಳಿಂದ ಓಡಾಡುತ್ತಿದ್ದುದು ಆಮೇಲೆ ಬಯಲಾಯಿತು. ಅವರ ಊರಿನ ಪತ್ರಿಕೆ ‘ಆರೆಗೋನಿಯನ್’ ಕೂಡ ಆ ಸುದ್ದಿಯಲ್ಲಿ ಹಿಂದೆ ಬಿತ್ತು. ಆರೆಗಾನಿಗರಿಗೆ ಬೇಕಾದ ಸುದ್ದಿಯೆಲ್ಲ ನಮ್ಮಲ್ಲಿದೆ ಎಂಬ ಅದರ ಜಾಹೀರಾತು ಘೋಷಣೆಯಲ್ಲಿ ಪತ್ರಿಕೆಯ ಹೆಸರು ಕಿತ್ತು ‘ವಾಷಿಂಗ್ಟನ್ ಪೋಸ್ಟ್’ ಸೇರಿಸಿದ ಸ್ಟಿಕ್ಕರುಗಳು ಕಾರುಗಳ ಹಿಂದೆ ಅಂಟಿದವು.

ವೈಯಕ್ತಿಕ ನಡತೆ ಅವರವರಿಗೆ ಸೇರಿದ್ದು, ಶಾಸಕನನ್ನು ಅವನ ಮತದಿಂದಷ್ಟೇ ಅಳೆಯಬೇಕು ಎಂಬ ಆಕ್ಷೇಪವಿದೆ. ಅದರಲ್ಲಿ ಅರ್ಧ ನಿಜವಿದೆ. ಯಾರು ಯಾರನ್ನು ಪ್ರೀತಿಸಿದರು, ಯಾರ ಸಂಸಾರ ಮುರಿಯಿತು ಎಂಬುದು ಮತದಾರನ ವ್ಯವಹಾರವಲ್ಲ; ಅದನ್ನು ಕೆದಕುವ ಚಟ ನಮ್ಮ ಟಿ.ವಿ. ವಾಹಿನಿಗಳಿಗೆ ಬೇಕಾದಷ್ಟಿದೆ. ಆದರೆ ಇಲ್ಲಿ ದೂರು ಕೊಟ್ಟವರಲ್ಲಿ ಪ್ಯಾಕ್‌ವುಡ್‌ರ ಕಚೇರಿಯ ಸಿಬ್ಬಂದಿ, ಚುನಾವಣೆಗೆ ದುಡಿದ ಕಾರ್ಯಕರ್ತೆಯರು, ಕೆಲಸದ ಮೇಲೆ ಬಂದವರು ಇದ್ದರು. ಅವರನ್ನು ಸುಮ್ಮನಿರಿಸಿದ್ದು ಹುದ್ದೆಯ ತೂಕ, ಆ ಹುದ್ದೆ ಕೊಟ್ಟಿದ್ದು ಮತದಾರ. ಸಮಿತಿ ಕಂಡ ಮತ್ತೊಂದು ತಪ್ಪು ನೋಡಿ: ದೂರವಾಗುತ್ತಿದ್ದ ಹೆಂಡತಿಗೆ ಕೆಲಸ ಕೊಡಿ ಎಂದು ಸದನದಲ್ಲಿ ಕೆಲಸ ಸಾಧಿಸಲು ಬರುವ ಲಾಬಿಗಾರರನ್ನೇ ಅವರು ಕೇಳಿದ್ದರು. ಇಲ್ಲಿ ಮನೆ ಎಲ್ಲಿ ಮುಗಿಯಿತು, ಕಚೇರಿ ಎಲ್ಲಿ ಶುರುವಾಯಿತು?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು. ಅಂಥವನನ್ನು ಕಳೆದುಕೊಂಡರೆ ಹಾನಿ ಯಾರಿಗೆ, ಅವನ ಮತದಿಂದ ಹಕ್ಕು ಪಡೆದ ಹೆಂಗಸರಿಗೇ ತಾನೆ? ಈ ಲೆಕ್ಕಾಚಾರವೇ ಇಪ್ಪತ್ತು ವರ್ಷ ಬಾಯಿ ಮುಚ್ಚಿಸುವಂಥದ್ದು, ಆದರೆ ಅದು ಲೆಕ್ಕವಾಗಿಯೂ ತಪ್ಪಿತು. ಎರಡೂ ಪಕ್ಷಗಳಿಂದ ಮೂವರಂತೆ ಆರು ಮಂದಿಯಿದ್ದ ಸಮಿತಿ 1995ರ ಸೆಪ್ಟೆಂಬರಿನಲ್ಲಿ ಒಮ್ಮತದಿಂದ ಉಚ್ಚಾಟನೆಗೆ ಶಿಫಾರಸು ಮಾಡಿತು. ಅದರ ಅಧ್ಯಕ್ಷ ಮಿಚ್ ಮೆಕಾನೆಲ್ ಪ್ಯಾಕ್‌ವುಡ್‌ರ ಪಕ್ಷದವರೇ. ಮರುದಿನವೇ ರಾಜೀನಾಮೆ ಘೋಷಣೆಯಾಯಿತು. 1996ರ ಜನವರಿಯ ಉಪಚುನಾವಣೆಯಲ್ಲಿ ಅಂಚೆಯ ಮೂಲಕ ಮತ ಹಾಕಿದ ಆರೆಗಾನ್, ಗರ್ಭಪಾತದ ಹಕ್ಕನ್ನು ಅಷ್ಟೇ ಬೆಂಬಲಿಸುವ ರಾನ್ ವೈಡನ್‌ರನ್ನು ಕಳಿಸಿತು. ಹೋದದ್ದು ಒಬ್ಬ ಸದಸ್ಯ, ಮತ ಅಲ್ಲೇ ಉಳಿಯಿತು. ನಡತೆಯ ತನಿಖೆ ಕೊನೆಗೆ ಎದುರಾಳಿಯನ್ನು ಹೊಡೆಯುವ ದೊಣ್ಣೆಯಷ್ಟೇ ಆಗುತ್ತದೆ ಎನ್ನುವವರು ನಮ್ಮ ಸಂಸತ್ತಿನ 2005ರ ಡಿಸೆಂಬರನ್ನೂ ನೆನೆಯಬೇಕು. ಪ್ರಶ್ನೆ ಕೇಳಲು ಲಂಚ ಪಡೆದ ಹನ್ನೊಂದು ಸಂಸದರು ಸದಸ್ಯತ್ವ ಕಳೆದುಕೊಂಡಾಗ ಅವರಲ್ಲಿ ಬಿಜೆಪಿಯ ಆರು, ಬಿಎಸ್‌ಪಿಯ ಮೂರು, ಕಾಂಗ್ರೆಸ್ ಮತ್ತು ಆರ್‌ಜೆಡಿಯ ಒಬ್ಬೊಬ್ಬರಿದ್ದರು.

ಹಾಗಾದರೆ ಸೌಮ್ಯವಾದ ಎಂಬುದೇ ಬೂಟಾಟಿಕೆಯೆ? ಮಂದಗಾಮಿಗಳ ಮುಂದಾಳು ಗೋಖಲೆಯವರನ್ನು ನೋಡಿದರೆ ಹಾಗನ್ನಲಾಗದು. 1905ರಲ್ಲಿ ಅವರು ಕಟ್ಟಿದ ಭಾರತ ಸೇವಕ ಸಮಾಜದ ಸದಸ್ಯರು ತಮಗಾಗಿ ಹಣ ಸಂಪಾದಿಸುವುದಿಲ್ಲ, ಶುದ್ಧವಾದ ಖಾಸಗಿ ಜೀವನ ನಡೆಸುತ್ತೇವೆ ಎಂದು ಪ್ರತಿಜ್ಞೆ ಮಾಡಬೇಕಿತ್ತು. ನಿಲುವು ಗುಣದ ಬಾಬತ್ತು ತೀರಿಸುವುದಿಲ್ಲವೆಂದು ಗೊತ್ತಿದ್ದವರಷ್ಟೇ ಅದಕ್ಕೆ ಬೇರೆ ಪ್ರತಿಜ್ಞೆ ಇಡುತ್ತಾರೆ. ಡಿ.ವಿ.ಜಿ. ಗೋಖಲೆಯವರ ಚರಿತ್ರೆ ಬರೆದದ್ದು, 1945ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸಂಸ್ಥೆ ಕಟ್ಟಿದ್ದು ವೇಗ ಮೆಚ್ಚಿಯಲ್ಲ ಎಂದು ನನ್ನ ಊಹೆ.

ಗೋಖಲೆ, ಪ್ಯಾಕ್‌ವುಡ್ ಇಬ್ಬರನ್ನೂ ಒಂದೊಂದು ಇಕ್ಕಟ್ಟಿನಲ್ಲಿಟ್ಟು ನೋಡಬೇಕು. 1897ರಲ್ಲಿ ಇಂಗ್ಲೆಂಡಿನಲ್ಲಿದ್ದ ಗೋಖಲೆ, ಪುಣೆಯ ಪ್ಲೇಗಿನ ಹೊತ್ತಿನಲ್ಲಿ ಸೈನಿಕರು ಹೆಂಗಸರ ಮೇಲೆ ನಡೆಸಿದ ದೌರ್ಜನ್ಯವನ್ನು ಊರಿನಿಂದ ಬಂದ ಪತ್ರಗಳನ್ನು ನಂಬಿ ಪತ್ರಿಕೆಗೆ ತಿಳಿಸಿದರು. ಹಿಂತಿರುಗಿದಾಗ ಪತ್ರ ಬರೆದವರು ಮುಂದೆ ಬರಲಿಲ್ಲ. ಗೋಖಲೆ ಆ ಪತ್ರ ಬರೆದವರ ಹೆಸರು ಬಾಯಿಬಿಡದೆ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡು ಬಹಿರಂಗವಾಗಿ ಕ್ಷಮೆ ಕೇಳಿದರು, ಸ್ವದೇಶೀಯರಿಂದಲೇ ಹೇಡಿ ಎನಿಸಿಕೊಂಡರು. ಪ್ಯಾಕ್‌ವುಡ್ ಇಕ್ಕಟ್ಟಿಗೆ ಬಿದ್ದಾಗ ಮೊದಲು ಮಾಡಿದ್ದು, ದೂರಿದ ಮಹಿಳೆಯರ ಹೆಸರು ಕೆಡಿಸುವ ಹೇಳಿಕೆಗಳನ್ನು ಪತ್ರಿಕೆಗೆ ಒದಗಿಸಿದ್ದು. ಆಮೇಲೆ ಸಮಿತಿ ಅವರ ದಿನಚರಿ ಕೇಳಿತು. ವರ್ಷಗಟ್ಟಲೆ ಟೇಪಿಗೆ ಹೇಳಿ ಟೈಪು ಮಾಡಿಸಿದ ಸಾವಿರಾರು ಪುಟ. ಕೊಡದಿದ್ದಾಗ ಸೆನೆಟ್ 94ಕ್ಕೆ 6 ಮತಗಳಿಂದ ನ್ಯಾಯಾಲಯಕ್ಕೆ ಹೋಯಿತು. ಪುಟಗಳು ಬಂದವು. ತಮಗೆ ಮುಳುವಾಗುವ ಸಾಲುಗಳನ್ನು ಅವರು ಅಷ್ಟರಲ್ಲಿ ತಿದ್ದಿದ್ದರು. ತಿದ್ದಿದ ಪುಟವನ್ನೂ ಹಳೆಯ ಟೇಪನ್ನೂ ಹೋಲಿಸಿ ನೋಡುವ ಕೆಲಸ ಸಮಿತಿಗೆ ಉಳಿಯಿತು.