ಮನಸ್ಸಿನ ಚಿತ್ರವೂ ಮುಚ್ಚಿದ ಗಣಿಯೂ

‘ಇಂಗ್ಲಿಷಲ್ಲಿ ಇಂಟರ್‌ವ್ಯೂ ಅಂದ್ರೆ ನನ್ನಿಂದ ಆಗಲ್ಲ’ ಎನ್ನುವ ಹುಡುಗಿಯೊಬ್ಬಳನ್ನು ಕೂರಿಸಿ, ಕಣ್ಣು ಮುಚ್ಚಿಸಿ, ತರಬೇತುದಾರರು ಕೇಳುತ್ತಾರೆ: ಹಾಗೆ ಅನ್ನಿಸಿದಾಗ ಏನು ಕಾಣುತ್ತದೆ? ಬಣ್ಣದ ಚಿತ್ರವೋ, ಕಪ್ಪುಬಿಳುಪೋ? ಎಷ್ಟು ಹತ್ತಿರದಲ್ಲಿದೆ? ಕೇಳುವ ದನಿ ಯಾರದು? ಬಿಗಿತ ಎದೆಯಲ್ಲೋ ಹೊಟ್ಟೆಯಲ್ಲೋ? ಆಮೇಲೆ ಆ ಚಿತ್ರದ ಬಣ್ಣ ತೆಗೆಸಿ, ಅಂಚೆಚೀಟಿಯಷ್ಟು ಚಿಕ್ಕದು ಮಾಡಿಸಿ, ದೂರ ತಳ್ಳಿಸುತ್ತಾರೆ. ಹೀಯಾಳಿಸುವ ದನಿಯನ್ನು ಕಾರ್ಟೂನ್ ದನಿಯಾಗಿ ಬದಲಿಸುತ್ತಾರೆ. ಖಾಲಿಯಾದ ಜಾಗಕ್ಕೆ ಗೆಲುವಿನ ಚಿತ್ರ ಬರುತ್ತದೆ. 1970ರ ದಶಕದಲ್ಲಿ ರಿಚರ್ಡ್ ಬ್ಯಾಂಡ್ಲರ್ ಮತ್ತು ಜಾನ್ ಗ್ರೈಂಡರ್ ಕ್ಯಾಲಿಫೋರ್ನಿಯಾದಲ್ಲಿ ಶುರುಮಾಡಿದ ನ್ಯೂರೋ-ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್, ಅಂದರೆ ಎನ್‌ಎಲ್‌ಪಿಯ ಪಾಠ ಇದು. ನಮ್ಮ ವ್ಯಕ್ತಿತ್ವ ವಿಕಸನದ ಶಿಬಿರಗಳಿಗೂ ಬಂದಿದೆ.

ಇದನ್ನು ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಚಾಂಪಿಯನ್ ರೀಫ್ಸ್‌ನಲ್ಲಿಟ್ಟು ನೋಡಬೇಕು. ಇಲ್ಲಿ ‘ಆಗಲ್ಲ’ ಎಂಬ ಮಾತಿಗೆ ತಾರೀಕಿದೆ. 2001ರ ಫೆಬ್ರುವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ದುಡಿದವರ ಮನೆಗಳಲ್ಲಿ ಸಂಬಳ ನಿಂತಿತು. ಅವರ ಮಕ್ಕಳು ಮೊಮ್ಮಕ್ಕಳು ನಸುಕಿನಲ್ಲೇ ರೈಲು ಹಿಡಿದು, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಹೋಗಿಬರುವುದಕ್ಕೇ ದಿನದಲ್ಲಿ ನಾಲ್ಕು ಗಂಟೆಗೂ ಮಿಕ್ಕಿ ಕಳೆಯುತ್ತದೆ. ಗಣಿಧೂಳು ಕುಡಿದ ತಂದೆಯ ಕೆಮ್ಮು ಕೇಳುತ್ತಾ ಬೆಳೆದವಳ ಅಳುಕು ಅನುಭವದಿಂದ ಬಂದದ್ದು. ಅದರ ಬಣ್ಣ ತೆಗೆ ಎನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಕೆಲಸ ಸಿಗದಿದ್ದರೆ ತಪ್ಪು ನಿನ್ನ ಕಲ್ಪನೆಯದು ಎಂದು ಹೊರೆಯನ್ನು ಅವಳ ಹೆಗಲಿಗೇ ಹೊರಿಸಿದಂತಾಗುತ್ತದೆ.

ಇನ್ನೊಂದು ಮಾತು. ಕೆಜಿಎಫ್‌ನ ಬಹಳಷ್ಟು ಮನೆಗಳಲ್ಲಿ ಆಡುವುದು ತಮಿಳು. ಬೀದಿಯಲ್ಲಿ ಕನ್ನಡ, ತೆಲುಗು ಎಲ್ಲವೂ ಉಂಟು. ಒಳಗಿನಿಂದ ಹೆದರಿಸುವ ದನಿ ಮನೆಮಾತಿನಲ್ಲೇ ಹೆದರಿಸುತ್ತದೆ. ಅದನ್ನು ಇಂಗ್ಲಿಷಿನ ಸೂಚನೆಗಳಿಂದ ಸುಮ್ಮನಾಗಿಸಲು ಹೊರಟರೆ ಅದು ಕಿವಿಗೊಟ್ಟೀತೇ?

ಹಾಗೆಂದು ಕಲ್ಪನೆಯನ್ನೇ ತಳ್ಳಿಹಾಕಲಾರೆ. ಎನ್‌ಎಲ್‌ಪಿಯ ದೊಡ್ಡ ಮಾತುಗಳಿಗೆ ತಕ್ಕ ಆಧಾರವಿಲ್ಲವೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ 1988ರಲ್ಲೇ ಹೇಳಿತ್ತು. ಆದರೆ 1999ರಲ್ಲಿ ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ ಪ್ರಕಟಿಸಿದ ಅಧ್ಯಯನ ಬೇರೆಯದೇ ದಾರಿ ತೋರಿಸುತ್ತದೆ. ಪರೀಕ್ಷೆಗೆ ಮುಂಚೆ ಕೆಲವು ವಿದ್ಯಾರ್ಥಿಗಳು ಒಳ್ಳೆಯ ಅಂಕ ಬಂದ ಗಳಿಗೆಯನ್ನು ಕಲ್ಪಿಸಿಕೊಂಡರು. ಕೆಲವರು ಓದಲು ಕೂರುವುದನ್ನು, ಪುಸ್ತಕ ತೆರೆಯುವುದನ್ನು, ಟಿಪ್ಪಣಿ ಮಾಡುವುದನ್ನು. ಹೆಚ್ಚು ಓದಿ ಹೆಚ್ಚು ಅಂಕ ತೆಗೆದವರು ಎರಡನೆಯವರು. ಗೆಲುವಿನ ಚಿತ್ರಕ್ಕಿಂತ ಕೆಲಸದ ಚಿತ್ರಕ್ಕೆ ಬಲ ಹೆಚ್ಚು.

ಗಣಿಯವರಿಗೆ ಇದು ಹೊಸ ಸಂಗತಿಯಲ್ಲ. ಆಳದಲ್ಲಿ ಬಂಡೆ ಯಾವಾಗ ಸಿಡಿದೀತೆಂಬ ಭಯ ಇದ್ದೇ ಇತ್ತು. ಕೆಳಗಿಳಿಯುವ ಧೈರ್ಯ ಬಂದದ್ದು ಜೊತೆಗಾರರಿಂದ, ನೆಟ್ಟ ಆಧಾರಕಂಬಗಳಿಂದ, ಕೈಗೆ ಹತ್ತಿದ ಕೆಲಸದಿಂದ. ಹೆಮ್ಮೆಯ ಚಿತ್ರಗಳೂ ಬೆಂಗಳೂರಿನ ಗಾಜಿನ ಕಟ್ಟಡದಿಂದ ಬರಬೇಕಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ಕೋಲಾರದ ಈ ಗಣಿಗಳಿಗೆ. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವನ್ನು 1965ರಲ್ಲಿ ವಿಜ್ಞಾನಿಗಳು ಹಿಡಿದದ್ದು ಇದೇ ಚಾಂಪಿಯನ್ ರೀಫ್ಸ್ ಗಣಿಯ ಆಳದಲ್ಲಿ.

ತರಬೇತಿ ಕೊಡುವವರಲ್ಲಿ ನನ್ನ ಕೋರಿಕೆ ಇಷ್ಟೆ. ಅವಳ ಭಯಕ್ಕೆ ಕಾರಣವಿದೆ ಎಂದು ಮೊದಲು ಒಪ್ಪಿಕೊಳ್ಳಿ. ಕಣ್ಣು ಮುಚ್ಚಿಸುವುದಾದರೆ, ಆಫೀಸಿನ ಗೇಟು, ರಿಜಿಸ್ಟರಿನಲ್ಲಿ ಹೆಸರು ಬರೆಯುವ ಕೈ, ಮೊದಲ ಪ್ರಶ್ನೆ, ಪದ ಸಿಗದೆ ತಡವರಿಸುವ ಗಳಿಗೆ, ಆಗ ಅವಳು ಹೇಳಬೇಕಾದ ಒಂದು ವಾಕ್ಯ, ಇವನ್ನು ಕಲ್ಪಿಸಿಕೊಳ್ಳಲು ಹೇಳಿ, ಅವಳ ಮನೆಮಾತಿನಲ್ಲೇ. ಆಮೇಲೆ ಕಣ್ಣು ತೆರೆಸಿ, ಎದುರಿಗೆ ಕೂತು, ಆ ಇಂಟರ್‌ವ್ಯೂವನ್ನು ನಿಜವಾಗಿಯೂ ಮಾಡಿಸಿ, ಹತ್ತು ಸಲವಾದರೂ ಸರಿ.